ಗುತ್ತಿಗೆ ಭತ್ತ ಮತ್ತು ಸನ್ನಡತೆ

ಅಮೆರಿಕದ ಪೌರತ್ವದ ಅರ್ಜಿ ತುಂಬಲು ಕುಳಿತವನು ತೆರಿಗೆಯ ಪ್ರಶ್ನೆಗಳಿಗೆ ಬಂದು ಎರಡು ವಾರ ಅಲ್ಲೇ ನಿಂತುಬಿಟ್ಟೆ. ತೆರಿಗೆ ಬಾಕಿ ಇದೆಯೇ? ಗ್ರೀನ್ ಕಾರ್ಡ್ ಬಂದ ಮೇಲೆ ರಿಟರ್ನ್ ಸಲ್ಲಿಸದ ವರ್ಷವುಂಟೇ? ಸಾಮಾನ್ಯವಾಗಿ ಹಿಂದಿನ ಐದು ವರ್ಷ ಸನ್ನಡತೆಯಿಂದ ಇದ್ದೆವೆಂದು ತೋರಿಸಬೇಕು. ತೆರಿಗೆಯೂ ಆ ನಡತೆಯ ಲೆಕ್ಕಕ್ಕೇ ಸೇರುತ್ತದೆ.

ಸಂಬಳದ ತೆರಿಗೆ ಕೈಗೆ ಬರುವ ಮೊದಲೇ ಕಡಿತವಾಗುತ್ತದೆ, ಅದರ ಚಿಂತೆಯಿರಲಿಲ್ಲ. ಚಿಂತೆ ಸಿಂಧನೂರಿನದು. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಅಪ್ಪ ಬಿಟ್ಟುಹೋದ ನಾಲ್ಕು ಎಕರೆ ಗದ್ದೆ ನನ್ನ ಹೆಸರಿನಲ್ಲಿದೆ. ಎಕರೆಗೆ ಇಷ್ಟು ಚೀಲ ಭತ್ತ ಎಂದು ಗುತ್ತಿಗೆ. ಚೀಲವೆಂದರೆ 75 ಕಿಲೋ. ಚಿಕ್ಕಪ್ಪ ಅದನ್ನು ಮಾರಿ ಹಣವನ್ನು ನನ್ನ ಖಾತೆಗೆ ಹಾಕುತ್ತಾರೆ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ. ಗ್ರೀನ್ ಕಾರ್ಡ್ ಇರುವವನು ಮಾತ್ರ ಜಗತ್ತಿನ ಯಾವ ಮೂಲೆಯ ಗಳಿಕೆಯನ್ನೂ ಅಮೆರಿಕಕ್ಕೆ ತಿಳಿಸಬೇಕು. ವಿದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅದಕ್ಕೆ ಬೇರೆಯೇ ವರದಿ. ನಾನು ಎರಡನ್ನೂ ಮಾಡಿರಲಿಲ್ಲ. ಕದಿಯುವ ಮನಸ್ಸಿರಲಿಲ್ಲ, ಭತ್ತದ ದುಡ್ಡು ಆದಾಯವೆಂದು ಹೊಳೆದೇ ಇರಲಿಲ್ಲ.

ಲೆಕ್ಕಿಗರು ಮೂರು ವರ್ಷದ ರಿಟರ್ನ್ ತಿದ್ದಿ ಮತ್ತೆ ಸಲ್ಲಿಸೋಣ ಎಂದರು. ಬಾಕಿ ಇದ್ದರೆ ಕಂತಿನ ಒಪ್ಪಂದ ಮಾಡಿಕೊಂಡು ಕಟ್ಟುತ್ತಿರುವುದನ್ನು ತೋರಿಸಬಹುದು, ಆದರೆ ಸಂದರ್ಶನದಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಉಳಿಗಾಲವಿಲ್ಲ ಎಂದೂ ಎಚ್ಚರಿಸಿದರು. ಆಮೇಲೆ ಕೇಳಿದರು: "ಈ ಒಂದು ವರ್ಷ ಹಣ ಇಷ್ಟು ಕಡಿಮೆ ಏಕೆ? ದಾಖಲೆ ಇದೆಯೇ?"

ಅದು 2023ರ ಬರದ ಸಾಲಿನ ಲೆಕ್ಕ. ಜಲಾಶಯ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಬರಲಿಲ್ಲ. ಗುತ್ತಿಗೆದಾರ ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಅರ್ಧ ಗುತ್ತಿಗೆ ಬಿಟ್ಟುಕೊಟ್ಟಿದ್ದರು. ನನ್ನನ್ನು ಕೇಳಿಯೂ ಇರಲಿಲ್ಲ. ಕೇಳುವ ಮಾತೇ? ಇಂಥದ್ದಕ್ಕೇ ನಮ್ಮಲ್ಲಿ "ದೊಡ್ಡ ಮನುಷ್ಯ" ಎನ್ನುವುದು. ಅದೇ ಊರಿನಲ್ಲಿ ಬಿಲ್ಲಿಲ್ಲದೆ, ಬರಿಯ ಬಿಳಿ ಚೀಟಿಯ ಮೇಲೆ ಭತ್ತ ಮಾರಿದವನನ್ನು ಯಾರೂ ಕೆಟ್ಟವನೆನ್ನುವುದಿಲ್ಲ. ಅಲ್ಲಿ ನಡತೆ ಎಂದರೆ ಕೊಟ್ಟ ಮಾತು, ಕೊಡು-ಕೊಳ್ಳುವಿಕೆ. ಸರ್ಕಾರದ ಲೆಕ್ಕ ಅದರಾಚೆಗಿನ ಸಂಗತಿ. ನನಗೆ ಇದು ಸರಿ ಕಾಣುವುದಿಲ್ಲ, ಕಾಲುವೆಯ ನೀರೇನು ಪುಕ್ಕಟೆ ಹರಿದು ಬರುತ್ತದೆಯೇ? ಆದರೆ ಅರ್ಧ ಗುತ್ತಿಗೆ ಬಿಟ್ಟದ್ದು ಅನುಮಾನಕ್ಕೆ ಕಾರಣವಾಗುವ ಅರ್ಜಿಯನ್ನೂ ಪೂರ್ತಿ ಒಪ್ಪಲಾರೆ.

ಭಾರತದ 1955ರ ಪೌರತ್ವ ಕಾಯ್ದೆಯೂ ದೇಶೀಕರಣಕ್ಕೆ, ಅಂದರೆ ಹೊರದೇಶದವರು ಇಲ್ಲಿನ ಪೌರರಾಗುವುದಕ್ಕೆ, ಸನ್ನಡತೆಯನ್ನು ಕೇಳುತ್ತದೆ, ಜೊತೆಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆಯ ತಿಳಿವಳಿಕೆಯನ್ನೂ. ಕನ್ನಡವಾದರೂ ನಡೆಯುತ್ತದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿಗಳು ಸಂತೆಯಲ್ಲಿ ನಮ್ಮಷ್ಟೇ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು. ಅವರು ಕಾಗದ ಪತ್ರಗಳ ಮಾತು ಬಂದರೆ ಏಕೆ ಅಷ್ಟು ಗಂಭೀರರಾಗುತ್ತಿದ್ದರೆಂದು ಹುಡುಗನಾಗಿದ್ದಾಗ ತಿಳಿಯುತ್ತಿರಲಿಲ್ಲ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಬಿಟ್ಟದ್ದಕ್ಕೂ ರಸೀದಿ ಕೇಳುತ್ತಾರೇನಪ್ಪಾ?" ಎಂದು ನಕ್ಕರು. ಮರುದಿನ ಮೊಬೈಲಿಗೆ ಒಂದು ಚಿತ್ರ ಬಂತು: ನೋಟ್‌ಬುಕ್ಕಿನ ಹಾಳೆ, ಚೀಲಗಳ ಲೆಕ್ಕ, "ನೀರು ಬಾರದ್ದರಿಂದ ಅರ್ಧ ಬಿಟ್ಟಿದೆ" ಎಂಬ ಸಾಲು, ಕೆಳಗೆ ಚಿಕ್ಕಪ್ಪನ ರುಜು, ಪಕ್ಕದಲ್ಲಿ ಗುತ್ತಿಗೆದಾರನ ಹೆಬ್ಬೆಟ್ಟು. ಲೆಕ್ಕಿಗರು ಅದರ ಇಂಗ್ಲಿಷ್ ಅನುವಾದವನ್ನು ನನ್ನಿಂದಲೇ ಬರೆಸಿಕೊಂಡು ಕಡತಕ್ಕೆ ಸೇರಿಸಿದರು.