ಕಾಯೋ ಹೊತ್ತಿಗೂ ಕೂಲಿ ಕೊಡಲಿ

ಅಮೆರಿಕದಲ್ಲಿ 2017ರ ಡಿಸೆಂಬರ್‌ನಿಂದ ಎಲೆಕ್ಟ್ರಾನಿಕ್ ಲಾಗ್ (ಟ್ರಕ್ ಓಡಿಸಿದ ಹೊತ್ತನ್ನ ತಾನೇ ದಾಖಲಿಸೋ ಯಂತ್ರ) ಕಡ್ಡಾಯ ಆದಮೇಲೆ ಟ್ರಕ್ ಡ್ರೈವರ್‌ಗಳ ದುಡಿಮೆ ಕುಗ್ಗಿತು, ತಪ್ಪೆಲ್ಲ ಆ ಯಂತ್ರದ್ದೇ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪೋದು ಕಷ್ಟ ಸಾರ್. ಹೆಚ್ಚೆಂದರೆ 11 ಗಂಟೆ ಚಾಲನೆ, ಅದೂ ಡ್ಯೂಟಿ ಶುರುವಾದ 14 ಗಂಟೆಯೊಳಗೆ ಅನ್ನೋ ನಿಯಮ ಕಾಗದದ ಲಾಗ್‌ಬುಕ್ ಕಾಲದಲ್ಲೂ ಇತ್ತು. ಆಗ ಪೆನ್ನಲ್ಲಿ ಹೇಗೋ ಹೊಂದಿಸ್ತಿದ್ರು, ಅಷ್ಟೇ.

ನಾನು ಬೆಂಗಳೂರಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಅಲ್ಲಿನ ಟ್ರಕ್‌ಗಳಿಗೆ ಡಿಸ್ಪ್ಯಾಚ್ ಮಾಡೋನು, ಅಂದ್ರೆ ಯಾವ ಟ್ರಕ್ ಯಾವ ಲೋಡ್ ತಗೊಂಡು ಎಲ್ಲಿಗೆ ಹೋಗಬೇಕು ಅಂತ ಹೇಳೋನು. ಸ್ಕ್ರೀನಲ್ಲಿ ಕಾಣೋ ಕಥೆ ಇದು: ಅಲ್ಲಿನ ಬೆಳಿಗ್ಗೆ 6ಕ್ಕೆ ಡ್ಯೂಟಿ ಶುರು, 7ಕ್ಕೆ ಗೋದಾಮಿನ ಗೇಟು, ಲೋಡ್ ಆಗಿ ಹೊರಬೀಳೋ ಹೊತ್ತಿಗೆ ಮಧ್ಯಾಹ್ನ 12. ರಾತ್ರಿ 8ಕ್ಕೆ ಆ 14 ಗಂಟೆ ಮುಗೀತು, ಆಮೇಲೆ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ. ಸಂಬಳ ನೋಡಿದ್ರೆ ಮೈಲಿ ಲೆಕ್ಕ! ಕಾಯೋದರಲ್ಲಿ ಮೊದಲ ಎರಡು ಗಂಟೆ ಸಾಮಾನ್ಯವಾಗಿ ಪುಕ್ಕಟೆ. ಆಮೇಲಿನ ಡಿಟೆನ್ಷನ್ ದುಡ್ಡು, ಅಂದ್ರೆ ಕಾಯಿಸಿದ್ದಕ್ಕೆ ಕೊಡೋ ದುಡ್ಡು, ಟ್ರಕ್ ಕಂಪನಿಗೆ ಬಂದರೂ ಡ್ರೈವರ್ ಕೈಗೆ ಪೂರ್ತಿ ಸೇರುತ್ತೆ ಅನ್ನೋ ಖಾತ್ರಿ ಇಲ್ಲ.

ಇನ್ನು ಓವರ್‌ಟೈಮ್. 1938ರ ಅಲ್ಲಿನ ಕಾರ್ಮಿಕ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಓಡೋ ದೊಡ್ಡ ಟ್ರಕ್‌ಗಳ ಡ್ರೈವರ್‌ಗಳನ್ನ ಅದರಿಂದ ಹೊರಗೇ ಇಟ್ಟಿದೆ. ಲೇಖನ ಆ ವಿಷಯ ಮುಟ್ಟೇ ಇಲ್ಲ. ಕಾಯಿಸಿದ ಪ್ರತಿ ಗಂಟೆಗೂ ಗೋದಾಮಿನವರು ದುಡ್ಡು ಬಿಚ್ಚೋ ಹಾಗೆ ಮಾಡಲಿ, ಲೋಡಿಂಗ್ ಎಷ್ಟು ಬೇಗ ಆಗುತ್ತೆ ಅಂತ ಆಮೇಲೆ ನೋಡೋಣ.