ಕಪಾಟಿನ ಕೀ

ಕಪಾಟಿನ ಕೀ ಕಾಣೆಯಾಗಿ ವಾರವಾಗಿತ್ತು. ಅಡಿಕೆ ಸುಲಿಯಲು ಬರುವವನ ಮೇಲೆ ಅನುಮಾನಪಟ್ಟು ಅಮ್ಮ ಅವನೊಂದಿಗೆ ಮಾತು ಬಿಟ್ಟಿದ್ದರು. ಅದೇ ವಾರ ತಮ್ಮ ದಿನವೂ ಹೊಟ್ಟೆನೋವು ಎನ್ನುತ್ತಿದ್ದ. ಅವನಿಗೆ ಸ್ಕಿಜೋಫ್ರೇನಿಯಾ, ಇಲ್ಲದ ದನಿಗಳು ಕೇಳಿಸುವ ಮಾನಸಿಕ ಕಾಯಿಲೆ, ಹನ್ನೊಂದು ವರ್ಷವಾಯಿತು. ‘ಅಕ್ಕಾ, ಒಳಗೆ ಕಬ್ಬಿಣ ಇದೆ’ ಎಂದು ನನಗೆ ಎರಡು ಸಲ ಹೇಳಿದ. ನಾನು ಮಾತ್ರೆ ತಪ್ಪಿಸಿದ್ದಾನೆಯೇ ಎಂದು ಡಬ್ಬಿ ನೋಡಿದೆನೇ ಹೊರತು ಅವನ ಹೊಟ್ಟೆ ಮುಟ್ಟಿ ನೋಡಲಿಲ್ಲ. ಪೇಟೆಯ ವೈದ್ಯರೂ ಅಷ್ಟೇ, ಹಳೆಯ ಚೀಟಿ ಕಂಡದ್ದೇ ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳುಹಿಸಿದರು.

ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಪಕ್ಕೆಲುಬಿನ ಕೆಳಗೆ ಬೆಳ್ಳಗೆ ಕೀ, ಹಲ್ಲುಗಳ ಸಮೇತ. ‘ಇದು ನಮ್ಮದೇ’ ಎಂದರು ಅಮ್ಮ.

ನುಂಗಿದ ವಸ್ತುಗಳಲ್ಲಿ ಹತ್ತಕ್ಕೆ ಎಂಟು ತಾವಾಗಿಯೇ ಹೊರಬೀಳುತ್ತವೆ. ಆದರೆ 6 ಸೆಂಟಿಮೀಟರಿಗಿಂತ ಉದ್ದವಾದದ್ದು ಜಠರ ದಾಟಿದ ಕೂಡಲೇ ಸಿಗುವ ತಿರುವಿನಲ್ಲಿ ಹೊರಳುವುದು ಕಷ್ಟ. ನಮ್ಮ ಕೀ ಹಳೆಯ ಕಾಲದ್ದು, ಉದ್ದನೆಯದು. ಬಾಯಿಯಿಂದ ಕೊಳವೆ ಇಳಿಸಿ ತೆಗೆಯುವ ಎಂಡೋಸ್ಕೋಪಿಯೇ ಗತಿ ಎಂದರು. ಅದೂ ತಡವಾಯಿತು, ಏಕೆಂದರೆ ‘ಜಾರಿಕೊಂಡು ಹೋಗಲಿ’ ಎಂದು ನೆರೆಮನೆಯವರ ಮಾತು ಕೇಳಿ ದಾರಿಯಲ್ಲಿ ಅವನಿಗೆ ಅರ್ಧ ಡಜನ್ ಬಾಳೆಹಣ್ಣು ತಿನ್ನಿಸಿದ್ದೆವು. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವಂತಿಲ್ಲ. ವಾಂತಿ ಮಾಡಿಸುವುದೂ ಅಪಾಯ. ನುಂಗಿದ್ದು ಬಟನ್ ಬ್ಯಾಟರಿಯಾಗಿ ಅನ್ನನಾಳದಲ್ಲಿ ಸಿಕ್ಕಿಕೊಂಡಿದ್ದರೆ ಕಾಯಲು ಸಮಯವೇ ಇರುತ್ತಿರಲಿಲ್ಲ. ಎರಡೇ ಗಂಟೆಯಲ್ಲಿ ಸುಟ್ಟುಬಿಡುತ್ತದೆ. ಒಂದಕ್ಕಿಂತ ಹೆಚ್ಚು ಅಯಸ್ಕಾಂತವಾದರೆ ಕರುಳಿನ ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ. ಮರ, ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಆಗ ಆಧಾರ ರೋಗಿಯ ಬಾಯಿಮಾತು ಮಾತ್ರ. ಅದನ್ನೇ ನಾವು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕೀ ಹೊರಬಂತು. ಡಿಸ್ಚಾರ್ಜ್ ಚೀಟಿಯಲ್ಲಿ ‘ವಸ್ತು ತೆಗೆಯಲಾಗಿದೆ’ ಎಂದಿತ್ತು. ಯಾಕೆ ನುಂಗಿದ ಎಂಬ ಸಾಲು ಎಲ್ಲೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ಕಾರಣ ಒಳಗೇ ಉಳಿದರೆ ಇಂಥವರು ಮತ್ತೆ ನುಂಗುತ್ತಾರೆ. ಮಾನಸಿಕ ರೋಗಿಗೂ ಉಳಿದ ರೋಗಿಗಳಿಗೆ ಸಮನಾದ ಚಿಕಿತ್ಸೆ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕಾಯ್ದೆ ವಾರ್ಡಿನ ಮಂಚದವರೆಗೆ ಬರುವುದು ನಿಧಾನ.

ಕಾರಣ ಕೇಳಿದವರು ಇರಲಿಲ್ಲವೆಂದಲ್ಲ. ನಮ್ಮದು ಕೇರಳದ ಗಡಿನಾಡು ಕಾಸರಗೋಡು. ಕಿರಿಯ ವೈದ್ಯೆಯೊಬ್ಬರು ಪಾಪ, ಮಲಯಾಳದಲ್ಲಿ ಮೂರು ಬಾರಿ ಕೇಳಿದ್ದರು. ತಮ್ಮನದು ಅಂಗಡಿಗೆ, ಬಸ್ಸಿಗೆ ಸಾಲುವಷ್ಟು ಮಲಯಾಳ. ಅವನಿಗೆ ಕೇಳಿಸುವ ದನಿಗಳು ಕನ್ನಡದವು. ‘ಒನ್ನುಮಿಲ್ಲ’, ಏನೂ ಇಲ್ಲ, ಎಂದು ಮುಖ ತಿರುಗಿಸಿದ. ರಾತ್ರಿ ಪಾಳಿಗೆ ಬಂದ ಕುಂಬಳೆ ಕಡೆಯ ನರ್ಸ್ ಡ್ರಿಪ್ ಸರಿಪಡಿಸುತ್ತಾ ‘ಎಂತ ತಮ್ಮಾ, ಕೀ ಯಾಕೆ ಬೇಕಿತ್ತು?’ ಎಂದು ಸಹಜವಾಗಿ ಕೇಳಿದರು. ಹೇಳಿಯೇ ಬಿಟ್ಟ: ‘ಕಳ್ಳರು ಬರುತ್ತಾರಂತೆ. ಎಲ್ಲಿಟ್ಟರೂ ಅವರಿಗೆ ಸಿಗುತ್ತದಂತೆ. ಅಮ್ಮನ ಬಳೆ ಅದರೊಳಗೆ ಇದೆಯಲ್ಲ.’

ಗಡಿಯಲ್ಲಿ ಭಾಷೆಯ ಮಾತೆತ್ತಿದರೆ ರಾಜಕೀಯ ಎನ್ನುತ್ತೀರಿ. ಕಾಸರಗೋಡಿನಲ್ಲಿ ಮನೋವೈದ್ಯರ ಕೋಣೆಯೊಳಗೆ ಕನ್ನಡ, ತುಳು ಬಲ್ಲವರೊಬ್ಬರು ಇರಲಿ ಎನ್ನುವುದು ಸ್ಟೆತಸ್ಕೋಪ್ ಇರಲಿ ಎಂದಷ್ಟೇ ಸಾದಾ ಬೇಡಿಕೆ.

ಈಗ ಮನೆಯಲ್ಲಿ ರಿಮೋಟಿನ ಬ್ಯಾಟರಿ ಮುಚ್ಚಳಕ್ಕೆ ಟೇಪು ಸುತ್ತಿದ್ದೇವೆ, ಫ್ರಿಜ್ಜಿನ ಅಯಸ್ಕಾಂತದ ಗೊಂಬೆಗಳನ್ನು ತೆಗೆದಿದ್ದೇವೆ. ಬಳೆ ಬ್ಯಾಂಕಿನ ಲಾಕರಿಗೆ ಹೋಯಿತು. ರಶೀದಿಯನ್ನು ತಮ್ಮನಿಗೇ ತೋರಿಸಿದೆವು. ಸುಲಿಯುವವನ ಮನೆಗೆ ಅಮ್ಮನೇ ಹೋಗಿ ಬಂದರು. ಮುಂದಿನ ತಿಂಗಳು ಮನೋವೈದ್ಯರಲ್ಲಿಗೆ ಹೋಗುವಾಗ ಮಲಯಾಳ ಚೆನ್ನಾಗಿ ಬರುವ ಭಾವನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ.