ಮತ್ತೆ ಅದೇ ಭಾಷಣ

ಬೆಳಗ್ಗೆ ಎದ್ದು ಮೊಬೈಲ್ ತೆಗೆದರೆ ಮತ್ತದೇ ವಿಡಿಯೊ. 2005ರಲ್ಲಿ ಸ್ಟ್ಯಾನ್‌ಫರ್ಡ್ ಘಟಿಕೋತ್ಸವದಲ್ಲಿ ಆ್ಯಪಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಮಾಡಿದ ಭಾಷಣ. ಈ ತಿಂಗಳಲ್ಲಿ ನಾಲ್ಕನೇ ಸಲ. ಜೊತೆಗೊಂದು ಷರಾ: 'ನೋಡಿ, ಬದುಕೇ ಬದಲಾಗುತ್ತೆ.' ನಾಲ್ಕು ಸಲವೂ ನೋಡಿದೆ ಸ್ವಾಮಿ, ಇಳಿದದ್ದು ಮೊಬೈಲಿನ ಚಾರ್ಜು ಮಾತ್ರ.

ಭಾಷಣ ಕೆಟ್ಟದ್ದೇನಲ್ಲ. ಹದಿನೈದು ನಿಮಿಷ, ಮೂರೇ ಕತೆ, ಅಬ್ಬರವಿಲ್ಲ. ನನ್ನ ಸಿಟ್ಟೆಲ್ಲ ಅದರಿಂದ ಪಾಠ ಹೆಕ್ಕುವವರ ಮೇಲೆ. 'ಕಾಲೇಜು ಬಿಟ್ಟರು, ಗೆದ್ದರು' ಅನ್ನುವುದಷ್ಟೇ ಇವರಿಗೆ ಕೇಳಿಸುತ್ತದೆ. ರೀಡ್ ಕಾಲೇಜು ಬಿಟ್ಟ ಮೇಲೂ ಆತ ಸುಮಾರು ಒಂದೂವರೆ ವರ್ಷ ಅಲ್ಲೇ ಉಳಿದು, ಇಷ್ಟವಾದ ತರಗತಿಗಳಲ್ಲಿ ಕೂತು, ಕ್ಯಾಲಿಗ್ರಫಿ (ಅಂದವಾಗಿ ಅಕ್ಷರ ಬರೆಯುವ ಕಲೆ) ಕಲಿತದ್ದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅಂದರೆ ಬಿಟ್ಟದ್ದು ಪದವಿಯನ್ನು, ಕಲಿಕೆಯನ್ನಲ್ಲ! ಕಾಲೇಜು ಬಿಟ್ಟು ಸೋತವರನ್ನು ಯಾವ ವಿಶ್ವವಿದ್ಯಾಲಯ ವೇದಿಕೆಗೆ ಕರೆಯುತ್ತದೆ ಹೇಳಿ?

ಇನ್ನು 1985ರಲ್ಲಿ ಆ್ಯಪಲ್‌ನಿಂದ ಹೊರಬಿದ್ದ ಕತೆ. 'ಸೋಲೇ ಗೆಲುವಿನ ಮೆಟ್ಟಿಲು' ಅಂತ ಅದಕ್ಕೊಂದು ಹೂವಿನ ಚಿತ್ರ ಅಂಟಿಸಿ ಹಂಚುತ್ತಾರೆ. (ಹೂವು ಯಾಕೋ, ಗೊತ್ತಿಲ್ಲ.) ಹೊರಬಿದ್ದಾಗ ಅವರು ಆಗಲೇ ಕೋಟ್ಯಧಿಪತಿ. ನನ್ನ ಕೆಲಸ ಹೋದರೆ ಮುಂದಿನ ತಿಂಗಳ ಸಾಲದ ಕಂತಿಗೇ ಕುತ್ತು.

ಕಳೆದ ವಾರ ಸಂಬಳ ಏರಿಸಿ ಎಂದು ಕೇಳಲು ಹೋದರೆ ನಮ್ಮ ಮ್ಯಾನೇಜರ್ ನಕ್ಕು, "ಹಸಿವು ಉಳಿಸಿಕೊಳ್ಳಿ ಅಂತ ಜಾಬ್ಸೇ ಹೇಳಿದ್ದಾರಲ್ರೀ" ಅಂದರು. ಆ ಒಂದು ಪಾಠವನ್ನಂತೂ ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ, ಪ್ರತಿ ತಿಂಗಳ ಇಪ್ಪತ್ತನೇ ತಾರೀಕಿನಿಂದ.